ಆಚಾರ್ರ ಪಟ್ಟಿಯೂ ನನ್ನ ಇಂಗ್ಲಿಷೂ

ನಾನು ಬರೆದ ಅತ್ಯುತ್ತಮ ಇಂಗ್ಲಿಷ್ ವಾಕ್ಯವನ್ನು ಓದಿದವರಲ್ಲಿ ಬಹುಪಾಲು ಜನ ಕಳ್ಳರು. ಲಾಟರಿ ಹೊಡೆದಿದೆ ಎಂದು ಸುಳ್ಳು ಹೇಳುವವರು, ಒಂದೇ ವಾರದಲ್ಲಿ ಹೊಟ್ಟೆ ಕರಗಿಸುತ್ತೇವೆ ಎನ್ನುವವರು, ನಿಮ್ಮ ಪಾರ್ಸೆಲ್ ದಾರಿಯಲ್ಲಿ ಸಿಕ್ಕಿಬಿದ್ದಿದೆ, ಬಿಡಿಸಿಕೊಳ್ಳಿ ಎಂದು ಅಳುವವರು. ಅವರಿಗಾಗಿಯೇ ಆ ವಾಕ್ಯವನ್ನು ನನ್ನಿಂದ ಬರೆಸಿಕೊಂಡವರು ನಮ್ಮ ಆಚಾರ್ರು. ಅವರ ಹೆಸರು ಬರೆಯುವುದಿಲ್ಲ. ಬರೆದರೆ "ಅಕ್ಕೋರೆ, ನನ್ನನ್ನೂ ಪಟ್ಟಿಗಿ ಹಚ್ಚಿಬಿಟ್ರೆಲ್ಲ!" ಎಂದು ನಕ್ಕು ನಕ್ಕು ಕೆಮ್ಮು ಬರಿಸಿಕೊಳ್ಳುತ್ತಾರೆ. ಆ ಕೆಮ್ಮಿಗೆ ಅವರ ಮನೆಯಾಕೆ ನನ್ನನ್ನೇ ಹೊಣೆ ಮಾಡುತ್ತಾಳೆ.

ನಮ್ಮದೊಂದು ಶಿಕ್ಷಣ ಸಂಸ್ಥೆ. ಆಫೀಸು ಸೇಡಂನಲ್ಲಿ, ಶಾಲೆಗಳು ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ. ನಾನು ಅಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದು ರಿಟೈರ್ ಆದೆ. ಆಮೇಲೂ ವಾರಕ್ಕೆ ಮೂರು ದಿನ ಆಫೀಸಿಗೆ ಬಂದು ಇಂಗ್ಲಿಷ್ ಕಾಗದಗಳನ್ನು ನೋಡಿಕೊಡಿ ಎಂದರು. ಹೋದೆ. ಕಾಗದಗಳೇ ಇರಲಿಲ್ಲ. ನಾನು ಕಲಿತದ್ದು ಕಾನ್ವೆಂಟಿನಲ್ಲಿ, ಒಂದು ಕಮಾ ತಪ್ಪಿದರೆ ಸಿಸ್ಟರ್ ನನ್ನನ್ನು ಕಿಟಕಿಯ ಪಕ್ಕ ನಿಲ್ಲಿಸುತ್ತಿದ್ದರು. ಕಿಟಕಿಯಾಚೆ ಗುಲ್‌ಮೊಹರ್ ಮರ ಇತ್ತು, ಹಾಗಾಗಿ ನಾನು ಆಗಾಗ ಬೇಕೆಂದೇ ಕಮಾ ತಪ್ಪಿಸುತ್ತಿದ್ದೆ. ಅಷ್ಟು ಪ್ರೀತಿಯಿಂದ ಕಲಿತ ಭಾಷೆ. ಈಗ ಎಲ್ಲರೂ ಹೆಬ್ಬೆರಳಿನಲ್ಲಿ ಎರಡಕ್ಷರ ಒತ್ತಿ ಮುಗಿಸುತ್ತಾರೆ. "ರಿಗಾರ್ಡ್ಸ್" ಎಂಬ ಪದವನ್ನೂ ಪೂರ್ತಿ ಬರೆಯುವವರಿಲ್ಲ. ನನ್ನ ಇಂಗ್ಲಿಷಿಗೆ ಉಳಿದ ಕೊನೆಯ ಗಿರಾಕಿ ಎಂದರೆ ಆಚಾರ್ರು.

ಗಿಡ್ಡ ಆಳು. ಬೆಳಿಗ್ಗೆ ಹಣಮಪ್ಪನ ಗುಡಿಯಲ್ಲಿ ಪೂಜೆ. ಹತ್ತು ಗಂಟೆಗೆ ಹಣೆಯ ಮೇಲಿನ ಅಂಗಾರ ಅಕ್ಷತೆಯೊಂದಿಗೇ ಆಫೀಸು. ಟೈಪಿಸ್ಟ್ ಆಗಿ ಸೇರಿದವರು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು, ಕಂಪ್ಯೂಟರಿನ ಹಿಂದೆ ಸಂಸ್ಥೆಯ ಸ್ವಂತ ಮೇಲ್ ಸರ್ವರ್ ಬಂತು. ಅದನ್ನು ಮುಟ್ಟಲು ಉಳಿದವರೆಲ್ಲ ಹೆದರಿದಾಗ ಇವರು ಮುಟ್ಟಿದರು, ಅಷ್ಟೇ. ಇಂಗ್ಲಿಷಿನ ದಪ್ಪ ಕೈಪಿಡಿಯೊಂದನ್ನು ಪ್ರಿಂಟ್ ತೆಗೆದು, ಅದರ ಅಂಚಿನಲ್ಲಿ ಕನ್ನಡದಲ್ಲಿ ಟಿಪ್ಪಣಿ ಬರೆದು ಬರೆದು ಕಲಿತರು. ಒಂದು ಪುಟದ ಅಂಚಿನಲ್ಲಿ "ಇಲ್ಲಿ ಮಶಿನ್ ಸುಳ್ಳು ಹೇಳತದ, ನಂಬಬಾರದು" ಎಂದು ಬರೆದದ್ದನ್ನು ನಾನೇ ಕಂಡಿದ್ದೇನೆ. ಅವರ ಕೋಣೆಯ ನೆಲಕ್ಕೆ ಶಹಾಬಾದ ಕಲ್ಲು ಹಾಸಿತ್ತು. ಬೇಸಿಗೆಯಲ್ಲಿ ಅವರು ಚಪ್ಪಲಿ ಬಿಟ್ಟು, ಎರಡೂ ಪಾದವನ್ನು ಆ ತಂಪು ಕಲ್ಲಿಗೆ ಒತ್ತಿ ಕೂತು ಕೆಲಸ ಮಾಡುತ್ತಿದ್ದರು. ನಗು ಬಂದಾಗ ಪಾದಗಳು ಕಲ್ಲನ್ನು ಬಡಿಯುತ್ತಿದ್ದವು. ಪಕ್ಕದ ಕೋಣೆಯವರಿಗೆ ಆ ಸದ್ದಿನಿಂದಲೇ ಗೊತ್ತಾಗುತ್ತಿತ್ತು: ಆಚಾರ್ರಿಗೆ ಹೊಸ ಸ್ಪ್ಯಾಮ್ ಬಂದಿದೆ.

ಅವರು ಸ್ಪ್ಯಾಮ್ ಅನ್ನು ಬೈಯುತ್ತಿರಲಿಲ್ಲ. ಓದಿ ಸುಖಪಡುತ್ತಿದ್ದರು. "ಅಕ್ಕೋರೆ, ಬರ್ರಿ ಬರ್ರಿ. ಈಕಿ ಯಾರೋ ನನ್ನ ಫೋಟೋ ನೋಡಿ ಮೂರು ದಿನದಿಂದ ಊಟ ಬಿಟ್ಟಾಳಂತ್ರಿ. ನನ್ನ ಫೋಟೋ! ರೇಷನ್ ಕಾರ್ಡಿನದು ಬಿಟ್ರ ನನ್ನ ಫೋಟೋ ಎಲ್ಯದ?"

"ಹಾಗಾದರೆ ರೇಷನ್ ಆಫೀಸಿನವಳೇ ಇರಬೇಕು," ಎಂದೆ.

ಐದು ನಿಮಿಷ ಪಾದಗಳು ಕಲ್ಲನ್ನು ಬಡಿದವು.

ಶನಿವಾರ ಪಟ್ಟಿ ಪಾರಾಯಣ. ಯಾರ ಮೇಲ್ ಒಳಗೆ ಬರಬೇಕು, ಯಾರದ್ದು ಬಾಗಿಲಲ್ಲೇ ತಿರುಗಬೇಕು ಎಂದು ಸರ್ವರಿಗೆ ಹೇಳುವ ಪಟ್ಟಿ ಅದು. ಆ್ಯಕ್ಸೆಸ್ ಲಿಸ್ಟ್ ಎಂದು ಅದರ ಹೆಸರು. ನಾನು ನನ್ನ ಕಾನ್ವೆಂಟ್ ಉಚ್ಚಾರದಲ್ಲಿ ಒಂದೊಂದೇ ವಿಳಾಸ ಓದಬೇಕು. ಅವರು ಪೆನ್ಸಿಲ್ ಹಿಡಿದು ಕೇಳಬೇಕು. ಬೇರೆಯವರು ವೈಟ್‌ಲಿಸ್ಟ್, ಬ್ಲ್ಯಾಕ್‌ಲಿಸ್ಟ್ ಎನ್ನುತ್ತಿದ್ದುದಕ್ಕೆ ಅವರು ಇಟ್ಟ ಹೆಸರು ಬೇರೆ: ಒಳಗಿನವರು, ಹೊರಗಿನವರು. ಇವೆರಡರ ನಡುವೆ ಇನ್ನೊಂದು ಜಾತಿ ಇತ್ತು, ಕಟ್ಟಿ ಮ್ಯಾಲಿನವರು. ಹೊಸಬರು ಯಾರಾದರೂ ಮೊದಲ ಬಾರಿ ಮೇಲ್ ಕಳಿಸಿದರೆ ಸರ್ವರ್ ಅದನ್ನು ತಕ್ಷಣ ತೆಗೆದುಕೊಳ್ಳುತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬನ್ನಿ ಎನ್ನುತ್ತಿತ್ತು.

"ಇದೇನು ಮ್ಯಾನರ್ಸ್ ಆಚಾರ್ರೇ? ಬಂದವರನ್ನು ಮತ್ತೆ ಬಾ ಅನ್ನುವುದು?"

"ನಮ್ಮ ಕಡಿ ಮಂದಿ ಹೊಂಡುವಾಗ ಏನಂತಾರ್ರಿ? ಹೋಗ್ತೀನಿ ಅಂತಾರೇನು? ಹೋಗಿಬರ್ತೀನಿ ಅಂತಾರ. ಖರೇ ಮನಷ್ಯಾ ಮತ್ತ ಬರ್ತಾನ್ರಿ. ಈ ಸ್ಪ್ಯಾಮಿನವಗ ಅಷ್ಟ ಪುರಸೊತ್ತು ಎಲ್ಲಿಂದ ಬರಬೇಕು? ಒಂದ್ ಸರ್ತಿ ಬಾಗಿಲ ಬಡದು ಮುಂದಿನ ಮನಿಗಿ ಓಡ್ತಾನ."

ಓದುತ್ತ ಓದುತ್ತ ನಡುವೆ ತಡೆಯುತ್ತಿದ್ದರು. "ಇವರ ಯಾರ್ರಿ?"

"ವಾಡಿಯ ಪುಸ್ತಕದಂಗಡಿ."

"ಇನ್ನೂ ಅದೇನ್ರಿ ಅಂಗಡಿ?"

"ಮುಚ್ಚಿ ಎರಡು ವರ್ಷವಾಯಿತು."

"ಹಂಗಾದ್ರ ಕೈ ಮುಗದು ತಗೀರಿ."

ನಿಜವಾಗಿಯೂ ಕೈ ಮುಗಿಯುತ್ತಿದ್ದರು. ಆಮೇಲೆ ಅಳಿಸುತ್ತಿದ್ದರು. ಎಲ್ಲ ಮುಗಿದ ಮೇಲೆ, ಬರೆದದ್ದನ್ನು ಸರ್ವರಿಗೆ ತಿಳಿಸುವ ಆಜ್ಞೆಯೊಂದನ್ನು ಒತ್ತಬೇಕು. ಅದನ್ನು ಮರೆತರೆ ಬರೆದದ್ದೆಲ್ಲ ಬರೆದಲ್ಲೇ ಉಳಿಯುತ್ತದೆ. ಅದಾದ ನಂತರ ಅವರು ಮೊದಲು ತಮ್ಮ ವಿಳಾಸವನ್ನೇ ಟೈಪ್ ಮಾಡಿ, ಇವನು ಯಾರು ಎಂದು ಸರ್ವರನ್ನು ಕೇಳುತ್ತಿದ್ದರು. ಪರದೆಯ ಮೇಲೆ ಓಕೆ ಎಂದು ಮೂಡುತ್ತಿತ್ತು. "ಈ ವಾರನೂ ನಾ ಒಳಗೇ ಇದ್ದೀನ್ರಿ!" ಎಂದು ಎರಡೂ ಕೈಯಿಂದ ತೊಡೆ ತಟ್ಟಿಕೊಳ್ಳುತ್ತಿದ್ದರು. ಪ್ರತಿ ಶನಿವಾರವೂ ಅದೇ ಆನಂದ. ಅದನ್ನು ನೋಡಲೆಂದೇ ನಾನು ಶನಿವಾರ ರಜೆ ಹಾಕುತ್ತಿರಲಿಲ್ಲ.

ಇನ್ನು ನನ್ನ ವಾಕ್ಯ. ಹೊರಗಿನವರ ಮೇಲ್ ತಿರುಗಿಸುವಾಗ ಅದರ ಜೊತೆ ಕಾರಣವೊಂದನ್ನು ಬರೆದು ಕಳಿಸಬಹುದಂತೆ. ಸರ್ವರ್ ತಾನಾಗಿ ಕಳಿಸುತ್ತಿದ್ದುದು ಒಣ ಕಾರಣ, ಒಂದಿಷ್ಟು ಅಂಕಿ ಮತ್ತು ಎರಡು ಪದ. "ಭಾಳ ಉದ್ಧಟ ಅನಸ್ತದ್ರಿ. ಒಂದು ಮರ್ಯಾದಿ ಇಂಗ್ಲಿಷ್ ಬರದ ಕೊಡ್ರಿ ಅಕ್ಕೋರೆ," ಎಂದರು. ಎರಡು ದಿನ ಯೋಚಿಸಿ ಬರೆದುಕೊಟ್ಟೆ: "ವಿ ರಿಗ್ರೆಟ್ ದಟ್ ಪರ್ಸನ್ಸ್ ಆಫ್ ಯುವರ್ ಡಿಸ್ಕ್ರಿಪ್ಷನ್ ಕೆನಾಟ್ ಬಿ ರಿಸೀವ್ಡ್ ಹಿಯರ್. ಪ್ರೇ ಡು ನಾಟ್ ರಿಟರ್ನ್." ನಿಮ್ಮಂಥವರನ್ನು ಇಲ್ಲಿ ಬರಮಾಡಿಕೊಳ್ಳಲಾಗದು ಎಂದು ವಿಷಾದಿಸುತ್ತೇವೆ, ದಯಮಾಡಿ ಮತ್ತೆ ಬರಬೇಡಿ. ಸಿಸ್ಟರ್ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು. ಆಚಾರ್ರು ಮೂರು ಬಾರಿ ಓದಿಸಿಕೊಂಡರು. "ಹೊಡದಂಗ ಆಗಬೇಕು, ಆದ್ರ ನೋವು ಆಗಬಾರ್ದು. ಹಂಗದ ನೋಡ್ರಿ." ಅವತ್ತಿನಿಂದ ಜಗತ್ತಿನ ಮೂಲೆಮೂಲೆಯ ಕಳ್ಳರಿಗೆ ಸೇಡಂನಿಂದ ನನ್ನ ಇಂಗ್ಲಿಷ್ ಹೋಗತೊಡಗಿತು. ವಯಸ್ಸಾದ ಮೇಲೆ ಇಂಥ ರೀಡರ್‌ಶಿಪ್ ಯಾರಿಗೆ ಸಿಗುತ್ತದೆ!

ಹೀಗೆ ಹಿಗ್ಗುತ್ತಿದ್ದಾಗ ನಡೆದದ್ದು ಇದು.

ಒಂದು ಸೋಮವಾರ ಚಿಟ್ ಫಂಡ್‌ನವರು ಆಫೀಸಿನ ಮೇಲ್‌ಗೆ ಮುತ್ತಿಗೆ ಹಾಕಿದರು. ಗಂಟೆಗೊಂದು ಹೊಸ ವಿಳಾಸ. ಒಂದನ್ನು ತಡೆದರೆ ಇನ್ನೊಂದು. ನನಗೆ ಸಿಟ್ಟು ಬಂತು. "ವಿಳಾಸ ಹಿಡಿದು ತಡೆಯುವುದು ಬಿಡಿ. ಪದವನ್ನೇ ತಡೆಯಿರಿ. ವಿಷಯದ ಸಾಲಿನಲ್ಲಿ ಚಿಟ್ ಅಂತ ಎಲ್ಲಿ ಕಂಡರೂ ಔಟ್!"

ಆಚಾರ್ರು ಪೆನ್ಸಿಲಿನಿಂದ ಕಿವಿ ಕೆರೆದುಕೊಂಡರು. "ಪದ ತಡೀಬಾರ್ದ್ರಿ ಅಕ್ಕೋರೆ. ಮನಷ್ಯಾರನ್ನ ತಡೀಬೇಕು."

"ಯೂ ಆರ್ ಟೂ ಸಾಫ್ಟ್, ಆಚಾರ್ರೇ."

ಈ ಮಾತನ್ನು ನಾನು ಅವರಿಗೆ ಹೇಳಬಾರದಿತ್ತು. ಅವರು ಬರೆದರು: ಸಿ, ಎಚ್, ಐ, ಟಿ. ಆಜ್ಞೆ ಒತ್ತಿದರು. ಚಿಟ್ ಫಂಡ್‌ನವರು ಒಂದೇ ಏಟಿಗೆ ನಿಂತರು. ನಾವಿಬ್ಬರೂ ವಿಜಯೋತ್ಸವಕ್ಕೆ ಮಿರ್ಚಿ ಭಜಿ ತರಿಸಿ ತಿಂದೆವು.

ಮರುದಿನ ಸಂಸ್ಥೆಯಿಂದ ಮಹಾದೇವಿ ಎಂಬ ವಿಜ್ಞಾನದ ಟೀಚರಿಗೆ ಒಂದು ಆದೇಶ ಹೋಯಿತು. ಚಿತ್ತಾಪುರದ ನಮ್ಮ ಶಾಲೆಯಲ್ಲಿ ಏಳು ವರ್ಷ ಟೆಂಪರರಿ ಆಗಿ ದುಡಿದವಳು. ಈಗ ಪರ್ಮನೆಂಟ್ ಹುದ್ದೆ. ಒಪ್ಪಿಗೆಯನ್ನು ಶನಿವಾರ ಸಂಜೆ ಐದರೊಳಗೆ ಮೇಲ್ ಮೂಲಕ ಕಳಿಸಬೇಕು, ತಪ್ಪಿದರೆ ಹುದ್ದೆ ಪಟ್ಟಿಯಲ್ಲಿ ಮುಂದಿನವರಿಗೆ. ನಮ್ಮ ಕಾರ್ಯದರ್ಶಿ ಸಾಹೇಬರು ಐದು ಎಂದರೆ ಐದು ಎನ್ನುವ ಜನ. ಅವರ ಮನೆಯ ಗಡಿಯಾರ ನೋಡಿ ರೇಡಿಯೋದವರು ಟೈಮ್ ಹೇಳುತ್ತಾರೆ ಎಂದು ಆಫೀಸಿನಲ್ಲಿ ಜೋಕ್ ಇತ್ತು.

ಶನಿವಾರ ಬಂತು. ಪಟ್ಟಿ ಓದುವ ಮೊದಲು ಆಚಾರ್ರು ಆ ವಾರ ಯಾರ್ಯಾರನ್ನು ತಿರುಗಿಸಿದೆವು ಎಂಬ ಸರ್ವರಿನ ದಾಖಲೆ ತೆರೆದರು. ಚಿಟ್ ಫಂಡ್, ಚಿಟ್ ಫಂಡ್, ಚಿಟ್ ಫಂಡ್. ಅವರು ಒಂದೊಂದಕ್ಕೂ ಕುಲುಕುಲು ನಗುತ್ತಿದ್ದರು. ಇದ್ದಕ್ಕಿದ್ದಂತೆ ಪಾದಗಳು ನಿಂತವು.

"ಅಕ್ಕೋರೆ, ಇದನ್ನ ಜರಾ ಓದ್ರಿ."

ಓದಿದೆ. "ಆಕ್ಸೆಪ್ಟೆನ್ಸ್, ಸೈನ್ಸ್ ಟೀಚರ್, ಚಿತ್ತಾಪುರ್." ಅದರ ಮುಂದೆ: ತಿರುಗಿಸಲಾಗಿದೆ. ಕಾರಣದ ಜಾಗದಲ್ಲಿ ನನ್ನ ವಾಕ್ಯ. ಮಂಗಳವಾರ ಒಂದು, ಬುಧವಾರ ಒಂದು, ಗುರುವಾರ ಒಂದು. ಮೂರೂ ಮಹಾದೇವಿಯ ಸ್ವಂತ ವಿಳಾಸದಿಂದ. ಶುಕ್ರವಾರದ್ದು ಬೇರೆ ಇತ್ತು. ಅದರ ವಿಷಯದ ಸಾಲು: "ಚಿತ್ತಾಪುರ್ ಪೀಪಲ್ ಆರ್ ನಾಟ್ ಬೆಗ್ಗರ್ಸ್." ಅದನ್ನೂ ಸರ್ವರ್ ನನ್ನ ವಾಕ್ಯದ ಸಮೇತ ತಿರುಗಿಸಿತ್ತು.

ನಮಗಿಬ್ಬರಿಗೂ ತಿಳಿಯಲು ಅರ್ಧ ನಿಮಿಷ ಬೇಕಾಯಿತು. ಕನ್ನಡದ ಕಿವಿಗೆ ಅದು ಚಿತ್ತ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಊರಿನ ಹೆಸರಿನ ಮೊದಲ ನಾಲ್ಕಕ್ಷರ ಸಿ, ಎಚ್, ಐ, ಟಿ. ಜೀವನವಿಡೀ ಚಿತ್ತಾಪುರಕ್ಕೆ ಹೋಗಿಬಂದವರು ನಾವು. ಆ ಊರೊಳಗೆ ಒಂದು ಚಿಟ್ ಕೂತಿದೆ ಎಂದು ಯಾವತ್ತೂ ಕಂಡಿರಲಿಲ್ಲ. ನಮ್ಮ ಚಿತ್ತಾಪುರ ಶಾಲೆಯ ವಿಳಾಸ ಒಳಗಿನವರಲ್ಲಿ ಇದ್ದುದರಿಂದ ಶಾಲೆಯ ಮೇಲ್ ಎಲ್ಲ ಸರಿಯಾಗಿ ಬರುತ್ತಿತ್ತು. ಹೊರಗಿನಿಂದ ಬರೆದ ಮಹಾದೇವಿ ಮಾತ್ರ ಸಿಕ್ಕಿಬಿದ್ದಿದ್ದಳು.

"ನಿಮ್ಮಂಥವರನ್ನು ಬರಮಾಡಿಕೊಳ್ಳಲಾಗದು ಅಂತ ಆ ಹುಡುಗಿಗೆ ನಾನು ಮೂರು ಸಲ ಹೇಳಿದ್ದೇನೆ," ಎಂದೆ.

"ನಾಕ್ ಸಲರಿ," ಎಂದರು ಆಚಾರ್ರು. ನಗಲಿಲ್ಲ.

ಆಮೇಲೆ ಅವರ ಬೆರಳು ಓಡಿದ ಓಟ! ಚಿಟ್ ಎಂಬ ಪದವನ್ನು ಅಳಿಸಿದರು. ಮಹಾದೇವಿಯ ವಿಳಾಸವನ್ನು ಒಳಗಿನವರ ಪಟ್ಟಿಯ ತಲೆಯ ಮೇಲೆ, ಎಲ್ಲರಿಗಿಂತ ಮೊದಲು ಬರೆದರು. "ಮ್ಯಾಲಿನ ಸಾಲಿನ ಮಾತೇ ಮೊದಲ ನಡೀತದ್ರಿ," ಎಂದರು. ಆಜ್ಞೆ ಒತ್ತಿ, ಅವಳ ವಿಳಾಸ ಟೈಪ್ ಮಾಡಿ, ಇವಳು ಯಾರು ಎಂದು ಕೇಳಿದರು. ಓಕೆ ಎಂದಿತು ಪರದೆ. ಅವಳಿಗೆ ಫೋನ್ ಮಾಡಿದರೆ ಹೋಗುತ್ತಿಲ್ಲ. ಆಫೀಸಿನಿಂದ ಮಾಡಿದರೂ ಇಲ್ಲ, ಆಚಾರ್ರ ಫೋನಿನಿಂದಲೂ ಇಲ್ಲ. ನನ್ನ ಹತ್ತಿರ ಇದ್ದ ಮುದುಕ ಫೋನಿಗೆ ಚಾರ್ಜೇ ಇರಲಿಲ್ಲ. ಕೊನೆಗೆ ಕಾರ್ಯದರ್ಶಿ ಸಾಹೇಬರಿಗೆ ಮಾಡಿದರು.

"ಸಾಹೇಬ್ರ, ತಪ್ಪು ನಂದ್ರಿ. ಪಟ್ಟಿ ನಂದು. ಮಹಾದೇವಿ ಬಾಯಾರು ಮೊದಲ ದಿನಾನೇ ಒಪ್ಪ್ಯಾರ. ನನ್ನ ಹತ್ರ ದಾಖಲಿ ಅದ."

ಫೋನಿನಿಂದ ಸಾಹೇಬರ ದನಿ ನನಗೂ ಕೇಳಿಸಿತು. "ದಾಖಲಿ ಅಲ್ರಿ ಆಚಾರ್ರ, ಮೇಲ್ ಬೇಕು. ಕಮಿಟಿಗಿ ಏನ್ ತೋರಸ್ಲಿ ನಾನು, ಬಂದಿಲ್ಲದ ಮೇಲ್ ತೋರಸ್ಲಾ? ಐದರೊಳಗ ಬಂದ್ರ ಬಂತು."

ನಾನು ಫೋನ್ ಕಸಿದುಕೊಂಡೆ. "ಸರ್, ಪದ ಹಾಕಿಸಿದವಳು ನಾನು. ವಾಕ್ಯವೂ ನನ್ನದೇ."

"ನಿಮ್ಮದೇ ಅಂತ ಗೊತ್ತದ್ರಿ ಅಕ್ಕೋರೆ. ನಮ್ಮ ಆಫೀಸಿನಾಗ ಪ್ರೇ ಅನ್ನೋರು ಬ್ಯಾರೆ ಯಾರದಾರ?" ಎಂದು ಇಟ್ಟುಬಿಟ್ಟರು.

ಚಿತ್ತಾಪುರದ ಬಸ್ ಹತ್ತಿದೆವು. ಆಚಾರ್ರಿಗೆ ಸುಮ್ಮನೆ ಕೂರಲಾಗದು. ಕಂಡಕ್ಟರನಿಗೆ ಪೂರಾ ಕತೆ ಹೇಳಿದರು. "ಶಹಾಬಾದದಾಗ ಬ್ಯಾಡ್ ಅಂತ ಒಂದು ಪದ ಅದ ಅನ್ನೋದು ನನಗ ಮೊದಲೇ ಗೊತ್ತಿತ್ತ್ರಿ, ಅದಕ್ಕ ಬ್ಯಾಡ್ ಅನ್ನೋ ಪದಕ್ಕ ನಾ ಕೈ ಹಚ್ಚಿಲ್ಲ. ಚಿತ್ತಾಪುರದಾಗ ಚಿಟ್ ಕುಂತದ ಅಂತ ಯಾರಿಗ್ಗೊತ್ರಿ?"

ಕಂಡಕ್ಟರ್ ಗಂಭೀರವಾಗಿ ಕೇಳಿ, "ಹಂಗಾದ್ರ ಟಿಕೇಟ್ ಚಿತ್ತಾಪುರಕ್ಕ ಹರೀಲೋ, ಚಿಟ್‌ಪುರಕ್ಕ ಹರೀಲೋ?" ಎಂದ. ಬಸ್ಸೆಲ್ಲ ನಕ್ಕಿತು. ಆಚಾರ್ರ ಪಾದಗಳು ಬಸ್ಸಿನ ತಗಡನ್ನು ಬಡಿದವು. ನಾನೂ ನಕ್ಕೆ, ಆದರೆ ನನ್ನ ಕಣ್ಣು ಡ್ರೈವರಿನ ಮುಂದಿದ್ದ ಗಡಿಯಾರದ ಮೇಲಿತ್ತು. ಮಳಖೇಡ ದಾಟುವಾಗ ಮೂರೂವರೆ. ಅಲ್ಲಿಂದ ಮುಂದೆ ಒಂದು ಎಮ್ಮೆ ಹಿಂಡು ರಸ್ತೆಯನ್ನು ಹತ್ತು ನಿಮಿಷ ತನ್ನದಾಗಿಸಿಕೊಂಡಿತು. ಆಚಾರ್ರು ಕಿಟಕಿಯಿಂದ ತಲೆ ಹೊರಹಾಕಿ, "ಅವ್ವಗೋಳೇ, ಜರಾ ಒಳಗ ಬಿಡ್ರೆ ನಮ್ಮನ್ನ!" ಎಂದು ಕೂಗಿದರು.

ಮಹಾದೇವಿಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಸೇಡಂನವರು ಎಂದದ್ದೇ ತಡ, ಓಣಿಯ ಜನ ನಮ್ಮನ್ನು ಒಂಥರಾ ನೋಡಿ ದಾರಿ ತೋರಿಸಿದರು. ಕಟ್ಟೆಯ ಮೇಲೆ ಅವಳ ಮಾವ ಕೂತಿದ್ದರು. ನಾವು ಎಲ್ಲಿಂದ ಬಂದೆವೆಂದು ತಿಳಿದದ್ದೇ ಎದ್ದು ನಿಂತರು.

"ಪ್ರೇ ಮಾಡ್ಸಾಕ ಬಂದೀರೇನು?"

ನನಗೆ ಅರ್ಥವಾಗಲಿಲ್ಲ. ಒಳಗಿನಿಂದ ಮಹಾದೇವಿ ಬಂದಳು. ಸಪೂರ ಹೆಂಗಸು, ಕೈಯಲ್ಲಿ ಇನ್ನೂ ಹಿಟ್ಟು ಅಂಟಿತ್ತು. ಬಾಗಿಲಿಗೆ ಅಡ್ಡ ನಿಂತೇ ಮಾತಾಡಿದಳು. "ನಿಮ್ಮ ಇಂಗ್ಲಿಷ್ ಇಡೀ ಓಣಿಗಿ ಓದಿ ತೋರಿಸೀನ್ರಿ. ಪ್ರೇ ಅಂದ್ರ ಪ್ರಾರ್ಥನಾ. ದೇವರ ಪ್ರಾರ್ಥನಾ ಮಾಡ್ಕೋ, ಮತ್ತ ಈ ಕಡಿ ಬಂದಿ ಅಂದ್ರ ನೋಡು, ಅಂತ ಅರ್ಥ ಮಾಡ್ಯಾರ ಎಲ್ಲಾರೂ. ನಮ್ಮ ಮಾವ ಪೊಲೀಸ್ ಠಾಣಾಕ ಹೋಗ್ತೀನಿ ಅಂತ ಕುಂತಾರ. ಏಳು ವರ್ಷ ದುಡಿಸಿಕೊಂಡು, ನೀ ಎಂಥಾಕಿ ಅಂತ ಕೇಳಾಕತ್ತೀರಲ್ಲ? ನಾನೂ ನಿಮ್ಮ ಆಫೀಸಿನ ನಂಬರ್ ಎಲ್ಲ ಬ್ಲಾಕ್ ಮಾಡೀನಿ!"

"ಅಂದ್ರ ನಾವು ನಿಮ್ಮ ಹೊರಗಿನವರ ಪಟ್ಟ್ಯಾಗ ಅದೀವಿ," ಎಂದರು ಆಚಾರ್ರು. "ಬರೋಬರ್ ಮಾಡೀರಿ ತಾಯಿ. ನಾನಿದ್ರೂ ಹಂಗೇ ಮಾಡ್ತಿದ್ದೆ."

ಈ ಮಾತಿಗೆ ಅವಳು ಸ್ವಲ್ಪ ಗಲಿಬಿಲಿಯಾದಳು. ಬೈಸಿಕೊಳ್ಳಲು ಬಂದವರು ಬೈಗುಳವನ್ನು ಮೆಚ್ಚಿದರೆ ಯಾರಿಗಾದರೂ ಗಲಿಬಿಲಿಯೇ. ಆ ಸಂದಿಯಲ್ಲಿ ಆಚಾರ್ರು ದಾಖಲೆಯ ಹಾಳೆ ತೆಗೆದು, ಚಿಟ್ ಎಂಬ ನಾಲ್ಕಕ್ಷರಕ್ಕೆ ಹಾಕಿದ್ದ ಪೆನ್ಸಿಲ್ ಸುತ್ತು ತೋರಿಸಿ, ಗುಡಿಯಲ್ಲಿ ಕತೆ ಹೇಳುವವರಂತೆ ಕಟ್ಟೆಯ ಮೇಲೆ ಕೂತು ಎಲ್ಲ ವಿವರಿಸಿದರು. ಓಣಿಯ ಅರ್ಧ ಜನ ಸೇರಿದರು. "ಮಶಿನ್ನಿಗಿ ನೀವು ಯಾರಂತ ಗೊತ್ತಿಲ್ರಿ. ಅದಕ್ಕ ಕಂಡದ್ದು ನಾಕ್ ಅಕ್ಷರ ಅಷ್ಟೇ. ಅದಕ್ಕ ಕಣ್ಣ ಕೊಟ್ಟಾಂವ ನಾನು. ತಪ್ಪು ನಂದು."

"ಮತ್ತ ಈ ಇಂಗ್ಲಿಷ್ ಬರದಾಂವ ಯಾಂವ?" ಎಂದರು ಮಾವ.

"ಅದೂ ನಾ..." ಎಂದು ಆಚಾರ್ರು ಶುರು ಮಾಡಿದ್ದರು.

"ನಾನು," ಎಂದೆ. ನನ್ನ ಬಿಳಿ ತಲೆಯನ್ನು ಇಡೀ ಓಣಿ ನೋಡಿತು. "ಕಳ್ಳರಿಗೆ ಅಂತ ಬರೆದದ್ದಮ್ಮ. ನಿನಗಲ್ಲ. ಕ್ಷಮಿಸು."

ಮಹಾದೇವಿ ಬಾಗಿಲು ಬಿಟ್ಟು ನನ್ನ ಹತ್ತಿರ ಬಂದಳು. "ಎಷ್ಟ್ ಚಂದ ಬರದೀರ್ರಿ ಅಕ್ಕೋರೆ," ಎಂದಳು. "ಇಷ್ಟ್ ಚಂದ ನನಗ ಯಾರೂ ಬೈದಿದ್ದಿಲ್ಲ. ಓದಿ ಓದಿ ಅತ್ತೀನಿ." ಹೇಳುತ್ತಲೇ ಅವಳಿಗೆ ನಗು ಬಂತು, ನಗುತ್ತಲೇ ಅಳು ಬಂತು. ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು, ಮುಖವೆಲ್ಲ ಬೆಳ್ಳಗಾಯಿತು.

"ಅಳೋದು ಐದು ಗಂಟೆ ಆದ ಮ್ಯಾಲ ಅಳೂಣು. ಫೋನ್ ತಗೀರಿ," ಎಂದರು ಆಚಾರ್ರು.

ಗಂಟೆ ನಾಲ್ಕು ಮುಕ್ಕಾಲು. ಮಹಾದೇವಿ ಕೈ ತೊಳೆಯಲೂ ನಿಲ್ಲದೆ ಫೋನ್ ತೆಗೆದು, ಹಿಂದೆ ಕಳಿಸಿದ್ದನ್ನೇ ಮತ್ತೆ ಕಳಿಸಿದಳು. ನಾವು ನಾಲ್ಕು ತಲೆ ಒಂದು ಫೋನಿನ ಮೇಲೆ. ವಾರವಿಡೀ ಕಣ್ಣು ಮಿಟುಕಿಸುವುದರೊಳಗೆ ನನ್ನ ವಾಕ್ಯ ವಾಪಸ್ ಬರುತ್ತಿತ್ತಂತೆ. ಒಂದು ನಿಮಿಷ. ಬರಲಿಲ್ಲ. ಎರಡು ನಿಮಿಷ. ಬರಲಿಲ್ಲ. ಹೋಯಿತು! ಒಳಗೆ ಹೋಯಿತು! ಆಚಾರ್ರು ಕಟ್ಟೆಯ ಮೇಲಿಂದ ಜಿಗಿದರು. ಮಾವ ಅವರ ಕೈ ಹಿಡಿದು ಕುಲುಕಿದರು. ಯಾರೋ ಚಾ ತಂದರು. ಇದೆಲ್ಲದರ ನಡುವೆ ಮಹಾದೇವಿ ಮಾತ್ರ ಫೋನ್ ನೋಡುತ್ತ ಕಲ್ಲಾಗಿ ನಿಂತಿದ್ದಳು.

"ರೀ... ನಾ ಮ್ಯಾಲಿನದ ಒತ್ತಿಬಿಟ್ಟೀನ್ರಿ."

ಕಳಿಸಿದ ಮೇಲ್‌ಗಳ ಸಾಲಿನಲ್ಲಿ ಎಲ್ಲಕ್ಕಿಂತ ಮೇಲೆ ಇದ್ದದ್ದು ಎಲ್ಲಕ್ಕಿಂತ ಕೊನೆಯದು. ಶುಕ್ರವಾರದ್ದು. ಚಿತ್ತಾಪುರದವರು ಭಿಕ್ಷುಕರಲ್ಲ ಎಂಬುದು.

"ಏನೇನು ಬರೆದಿದ್ದೆ ಅದರಲ್ಲಿ?" ಎಂದೆ.

"ಸಾಹೇಬ್ರಿಗಿ... ಭಾಳ ಬರದೀನ್ರಿ."

ಕೂಡಲೇ ಒಪ್ಪಿಗೆಯ ಮೇಲ್ ಹುಡುಕಿ ಅದನ್ನೂ ಕಳಿಸಿದಳು. ಆದರೆ ಶುಕ್ರವಾರದ್ದು ಅದಕ್ಕಿಂತ ಮುಂಚೆ ಒಳಗೆ ಹೋಗಿ ಕೂತಿತ್ತು. ನಾನು ಆಚಾರ್ರನ್ನು ಪಕ್ಕಕ್ಕೆ ಎಳೆದೆ. "ಆ ಮೊದಲನೆಯದನ್ನು ತೆಗೆಸಿಬಿಡಿ. ಆಫೀಸಿಗೆ ಫೋನ್ ಮಾಡಿ ಹೇಗೆ ಅಂತ ಹೇಳಿ, ಯಾರಾದರೂ ಅಳಿಸಲಿ. ನಿಮಗೆ ಆಗುತ್ತದಲ್ಲ?"

"ಆಗ್ತದ್ರಿ," ಎಂದರು. "ಮಾಡಂಗಿಲ್ಲ."

"ಆಚಾರ್ರೇ, ಆ ಹುಡುಗಿಯ ಹುದ್ದೆ!"

"ಗೊತ್ತದ್ರಿ ಅಕ್ಕೋರೆ. ನಂದು ಬಾಗಿಲ ಕಾಯೋ ಕೆಲಸ. ಬಾಗಿಲದಾಗ ತಪ್ಪು ಮಾಡಿ ಒಂದ್ ವಾರ ಆಕಿ ಬಾಯಿ ಮುಚ್ಚೀನಿ. ಈಗ ಒಳಗ ಬಿಟ್ಟ ಮ್ಯಾಲ, ಇದು ಮಾತಾಡು, ಇದು ಮಾತಾಡಬ್ಯಾಡ ಅಂತ ನಾ ಯಾರು ಹೇಳಾಂವ?" ಹೇಳಿ, ಚಹಾದ ಕಪ್ಪನ್ನು ಬಾಯಿಗೂ ತರದೆ ಕಟ್ಟೆಯ ಮೇಲಿಟ್ಟರು. ಅವರಿಗೂ ನನ್ನಷ್ಟೇ ಭಯವಾಗಿತ್ತು ಎಂದು ಆಗ ತಿಳಿಯಿತು.

ಐದಕ್ಕೆ ಮೂರು ನಿಮಿಷ ಇರುವಾಗ ಉತ್ತರ ಬಂತು. ಮಹಾದೇವಿ ಓದಲಾರೆ ಎಂದು ಫೋನನ್ನು ನನ್ನ ಕೈಗೆ ತುರುಕಿದಳು. ಸಾಹೇಬರದ್ದೇ, ಕನ್ನಡದಲ್ಲಿ. ಗಟ್ಟಿಯಾಗಿ ಓದಿದೆ: "ತಮ್ಮ ಎರಡೂ ಪತ್ರ ತಲುಪಿವೆ. ಮೊದಲನೆಯದನ್ನು ಗಮನಿಸಲಾಗಿದೆ. ಎರಡನೆಯದನ್ನು ಸ್ವೀಕರಿಸಲಾಗಿದೆ. ಸೋಮವಾರ ಹಾಜರಾಗುವುದು. ಬರುವಾಗ ಮೊದಲನೆಯದರ ಒಂದು ಪ್ರತಿ ತರುವುದು, ಕಮಿಟಿಯಲ್ಲಿ ಓದಬೇಕಾಗಿದೆ."

ಓಣಿ ಹೋ ಎಂದಿತು. ಮಾವ ನನ್ನ ತಲೆಯ ಮೇಲೆ ಕೈಯಿಟ್ಟು, "ನೀವೂ ಚಲೋ ಮಂದೀನೇ ಅದೀರಿ ಬಿಡ್ರಿ," ಎಂದರು. ನನಗಿಂತ ಹತ್ತು ವರ್ಷ ಚಿಕ್ಕವರು, ಇರಲಿ. ಆಚಾರ್ರು ಕಟ್ಟೆಯ ಮೇಲೆ ಕೂತು ನಕ್ಕರು ನೋಡಿ, ಅಂಥ ನಗುವನ್ನು ನಾನು ಮತ್ತೆಲ್ಲೂ ಕೇಳಿಲ್ಲ. ಕನ್ನಡಕ ಮೂಗಿನಿಂದ ಜಾರಿ ಚಹಾದಲ್ಲಿ ಬಿತ್ತು.

ಸೋಮವಾರ ಅವರು ನನ್ನ ವಾಕ್ಯವನ್ನು ಪಟ್ಟಿಯಿಂದ ತೆಗೆದರು. ಕೈ ಮುಗಿದೇ ತೆಗೆದರು. "ಹೊಸದು ಬರೆದುಕೊಡಲೇ?" ಎಂದೆ. ಬೇಡ ಎಂದು ತಾವೇ ಬರೆದರು, ಕನ್ನಡದಲ್ಲೊಮ್ಮೆ, ತಮ್ಮ ಮುರುಕು ಇಂಗ್ಲಿಷಿನಲ್ಲೊಮ್ಮೆ. "ನಿಮ್ಮ ಕಾಗದ ಒಳಗೆ ಬಂದಿಲ್ಲ. ತಪ್ಪು ನಮ್ಮದೂ ಇರಬಹುದು. ಫೋನ್ ಮಾಡಿರಿ." ಕೆಳಗೆ ತಮ್ಮ ಸ್ವಂತ ನಂಬರು. ಇಂಗ್ಲಿಷಿನದರಲ್ಲಿ ಎರಡು ತಪ್ಪುಗಳಿದ್ದವು, ಕಮಾ ಒಂದೂ ಇರಲಿಲ್ಲ. ತಿದ್ದಲು ಪೆನ್ ಎತ್ತಿದವಳು, ತಿದ್ದಲಿಲ್ಲ.

ಆಮೇಲೆ ಅವರ ಫೋನಿಗೆ ವಿಶ್ರಾಂತಿ ಎಂಬುದೇ ಇರಲಿಲ್ಲ. ಲಾಟರಿಯವರೂ ಮಾಡಿದರು, ಪಾರ್ಸೆಲ್‌ನವರೂ ಮಾಡಿದರು. ಹೊಟ್ಟೆ ಕರಗಿಸುವವನೊಬ್ಬನಿಗೆ ಇವರು ಮುಕ್ಕಾಲು ಗಂಟೆ ಜೋಳದ ರೊಟ್ಟಿಯ ಮಹಿಮೆ ಹೇಳಿದರು. ಅವರ ನಡುವೆ ಯಾವಾಗಲಾದರೂ ಒಬ್ಬರು ನಿಜವಾದವರು ಇರುತ್ತಿದ್ದರು.

ಈಗ ಸಂಸ್ಥೆಯ ಮೇಲ್ ಎಲ್ಲ ಎಲ್ಲೋ ದೂರದ ದೊಡ್ಡ ಕಂಪನಿಯ ಕೈಗೆ ಹೋಗಿದೆ. ಆಚಾರ್ರಿಗೂ ವಯಸ್ಸಾಯಿತು. ಅವರಿಗೆ ಬೀಳ್ಕೊಡುಗೆ ಶನಿವಾರ, ಸರ್ವರ್ ಆರಿಸುವುದು ಅದರ ಮುಂದಿನ ಸೋಮವಾರ ಎಂದು ನಿಗದಿಯಾಯಿತು. ಸಭೆಯ ಮುಂದಿನ ಸಾಲಿನಲ್ಲಿ ಮಹಾದೇವಿ ಓಣಿಯ ಸಮೇತ ಕೂತಿದ್ದಳು. ಸಾಹೇಬರು ಭಾಷಣ ಶುರು ಮಾಡಿ ಇನ್ನೂ ಸಂಸ್ಥೆಯ ಸ್ಥಾಪನೆಯಲ್ಲೇ ಇದ್ದರು. ವೇದಿಕೆಯ ಪಕ್ಕ ಕೂತಿದ್ದ ಆಚಾರ್ರ ಫೋನ್ ರಿಂಗಾಯಿತು. ಬಗ್ಗಿ, ಬಾಯಿಗೆ ಕೈ ಅಡ್ಡ ಹಿಡಿದು, "ಹೇಳ್ರಿ, ಯಾಕ ವಾಪಸ್ ಬಂತು?" ಎಂದರು. ಚಿಂಚೋಳಿ ಕಡೆಯ ಐನಾಪುರದಿಂದ ಒಬ್ಬ ತಂದೆ. ಮಗಳ ಹಾಸ್ಟೆಲ್ ಅರ್ಜಿ ತಿರುಗಿ ಬಂದಿದೆ, ಇವತ್ತೇ ಕೊನೆಯ ದಿನ. ಆಚಾರ್ರು ಆಮಂತ್ರಣ ಪತ್ರಿಕೆಯ ಹಿಂದೆ ವಿಳಾಸ ಬರೆದುಕೊಂಡು ನನ್ನತ್ತ ಚಾಚಿದರು. ನಾನು ಪಿಸುದನಿಯಲ್ಲಿ ಒಂದೊಂದೇ ಅಕ್ಷರ ಓದಿ ಸರಿ ಎಂದೆ. ಅವರು ಚಪ್ಪಲಿ ಅಲ್ಲೇ ಬಿಟ್ಟು, ಮುಸಿಮುಸಿ ನಗುತ್ತ, ಬರಿಗಾಲಲ್ಲಿ ಸರ್ವರ್ ಕೋಣೆಯ ಕಡೆ ಓಡಿದರು.

ಅಷ್ಟರಲ್ಲಿ ಸಾಹೇಬರು ಭಾಷಣ ಮುಗಿಸಿ, "ಈಗ ಆಚಾರ್ರು ವೇದಿಕೆಗೆ ಬರಬೇಕು," ಎಂದರು. ಖಾಲಿ ಕುರ್ಚಿ ಕಂಡರು. ನನ್ನನ್ನು ಕಂಡರು. ಎದ್ದು ಹೋಗಿ ನಾನೇ ಶಾಲು ಹೊದಿಸಿಕೊಂಡೆ. ಚಪ್ಪಾಳೆ ಏನೂ ಕಡಿಮೆಯಾಗಲಿಲ್ಲ. ಅದರ ನಡುವೆ, ಗೋಡೆಯಾಚೆಯಿಂದ, ಎರಡು ಪಾದ ಕಲ್ಲು ಬಡಿಯುವ ಸದ್ದು ಕೇಳಿತು. ಐನಾಪುರದ ಹುಡುಗಿ ಒಳಗೆ ಬಂದಿದ್ದಳು.